ದಿನಾ ತಿನ್ನುವುದಾದರೆ ಯಾವ ಚಕ್ಕೆ? ಸಿಲೋನ್, ಕ್ಯಾಸಿಯಾ, ಕಡ್ಡಿ, ಪುಡಿ, ಕ್ಯಾಪ್ಸೂಲ್‌ಗಳ ಹೋಲಿಕೆ

ಮೊನ್ನೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಟೀ ಚಮಚ ಚಕ್ಕೆ ಪುಡಿ ತೂಗಿ ನೋಡಿದೆ. ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿದಾಗ ಎರಡೂವರೆ ಗ್ರಾಂ ಬಂತು. ಡಬ್ಬಿಯಿಂದ ಸುಮ್ನೆ ಗೋಪುರದ ಹಾಗೆ ಮೊಗೆದಾಗ ನಾಲ್ಕು ಗ್ರಾಂ ದಾಟಿತು. ಕಳೆದ ವರ್ಷ ಎರಡು ತಿಂಗಳು ನಾನು ದಿನಾ ಬೆಳಿಗ್ಗೆ ಬಿಸಿನೀರಿಗೆ ಕಲಸಿ ಕುಡಿದದ್ದು ಈ ಗೋಪುರದ ಚಮಚವನ್ನೇ. ಶುಗರ್‌ಗೆ ಒಳ್ಳೆಯದು ಅಂತ ಯಾರೋ ಹೇಳಿದ್ದರು. ಯಾವ ಚಕ್ಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಕ್ಕೆ ಅಂದರೆ ಚಕ್ಕೆ, ಅಲ್ವಾ?

ಹಾಗಲ್ಲ ಅಂತ ಗೊತ್ತಾದದ್ದು ಆಮೇಲೆ. ಅಡುಗೆಗೆ ಒಂದು ತುಂಡು ಹಾಕುವವರಿಗೆ ಈ ವ್ಯತ್ಯಾಸದಿಂದ ಏನೂ ಆಗಬೇಕಿಲ್ಲ. ಆದರೆ ಆರೋಗ್ಯಕ್ಕೆ ಅಂತ ದಿನಾ ಚಮಚ ಲೆಕ್ಕದಲ್ಲಿ ತಿನ್ನುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಎಷ್ಟು ಲಾಭ ಅನ್ನುವುದು ಅದರ ನಂತರದ ಮಾತು.

ಹೆಸರು ಒಂದು, ಮರ ನಾಲ್ಕು

ಚಕ್ಕೆ ಅಂದರೆ ಸಿನ್ನಮೋಮಮ್ ಕುಲದ ಮರಗಳ ಒಣಗಿದ ತೊಗಟೆ. ಆ ಕುಲದಲ್ಲಿ ಮರಗಳು ತುಂಬಾ ಇವೆ. ಡಬ್ಬಿ ಸೇರುವುದು ಮುಖ್ಯವಾಗಿ ನಾಲ್ಕು. ಶ್ರೀಲಂಕಾದ ಮರದ ಹೆಸರು ಸಿನ್ನಮೋಮಮ್ ವೇರಮ್. ವೇರಮ್ ಅಂದರೆ ಲ್ಯಾಟಿನ್‌ನಲ್ಲಿ ನಿಜವಾದದ್ದು ಅಂತ. ಇದೇ ಸಿಲೋನ್ ಚಕ್ಕೆ. ಉಳಿದ ಮೂರು ಚೀನಾ, ಇಂಡೋನೇಷ್ಯಾ ಮತ್ತು ವಿಯೆಟ್ನಾಂ ಕಡೆಯ ಮರಗಳು. ಅವು ಮೂರೂ ಬೇರೆ ಬೇರೆ ಆದರೂ ವ್ಯಾಪಾರದಲ್ಲಿ ಎಲ್ಲದಕ್ಕೂ ಒಟ್ಟಿಗೆ ಕ್ಯಾಸಿಯಾ ಅನ್ನುತ್ತಾರೆ. ಬೇರೆ ಏನೂ ಬರೆಯದೆ ಬರೀ ದಾಲ್ಚಿನ್ನಿ ಅಂತ ಮಾರುವ ಪುಡಿ ಹೆಚ್ಚಾಗಿ ಕ್ಯಾಸಿಯಾ ಆಗಿರುತ್ತದೆ. ಅದು ಅಗ್ಗ, ಸಿಗುವುದೂ ಸುಲಭ.

ಕನ್ನಡದಲ್ಲಿ ಇದಕ್ಕಿರುವ ಎರಡು ಹೆಸರುಗಳೇ ಈ ಎರಡು ಬಗೆಯನ್ನು ನೆನಪಿಸುವ ಹಾಗಿವೆ. ದಾಲ್ಚಿನ್ನಿ ಬಂದದ್ದು ಪಾರ್ಸಿಯ ದಾರ್‌ಚೀನಿಯಿಂದ. ದಾರ್ ಅಂದರೆ ಮರ, ಚೀನಿ ಅಂದರೆ ಚೀನಾದ್ದು. ಕ್ಯಾಸಿಯಾಕ್ಕೆ ಸರಿಹೋಗುವ ಹೆಸರು. ಇನ್ನೊಂದು ಲವಂಗಚಕ್ಕೆ. ಇದು ಸಿಲೋನ್ ಬಗೆಗೆ ಹೊಂದುತ್ತದೆ. ಯಾಕಂದರೆ ಲವಂಗಕ್ಕೆ ಅದರ ವಾಸನೆ ಕೊಡುವ ಯೂಜಿನಾಲ್ ಅನ್ನುವ ಎಣ್ಣೆಯಂಶ ಸಿಲೋನ್ ಚಕ್ಕೆಯಲ್ಲೂ ಸ್ವಲ್ಪ ಇದೆ. ಕ್ಯಾಸಿಯಾದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಣ್ಣು ಮುಚ್ಚಿ ಮೂಸಿದರೂ ಈ ಲವಂಗದ ಎಳೆ ಸಿಗುತ್ತದೆ.

ಕೈಯಲ್ಲಿ ಹಿಡಿದು ನೋಡಿ

ಕಡ್ಡಿ ರೂಪದಲ್ಲಿದ್ದರೆ ಗುರುತು ಹಿಡಿಯುವುದು ತೀರಾ ಸುಲಭ. ಕಡ್ಡಿಯ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿ.

ಸಿಲೋನ್ ಕಡ್ಡಿಯ ತುದಿಯಲ್ಲಿ ಕಾಗದದಷ್ಟು ತೆಳ್ಳಗಿನ ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಒಳಗೆ ಟೊಳ್ಳು ಜಾಗ ಹೆಚ್ಚಿರುವುದಿಲ್ಲ. ಬಣ್ಣ ತಿಳಿ ಕಂದು. ಎರಡು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕ್ಯಾಸಿಯಾ ಹಾಗಲ್ಲ. ಅದು ಒಂದೇ ಒಂದು ದಪ್ಪ ತೊಗಟೆ. ಎರಡೂ ಅಂಚು ಒಳಕ್ಕೆ ಮಡಿಚಿಕೊಂಡು ನಡುವೆ ಟೊಳ್ಳಾಗಿರುತ್ತದೆ, ಇಲ್ಲವೇ ಮರದ ಚೂರಿನ ಹಾಗೆ ಚಪ್ಪಟೆಯಾಗಿರುತ್ತದೆ. ಬಣ್ಣ ಕೆಂಪು ಮಿಶ್ರಿತ ಗಾಢ ಕಂದು. ಕೈಯಲ್ಲಿ ಮುರಿಯಲು ಹೋದರೆ ಬೆರಳು ನೋಯುತ್ತದೆ. ನನ್ನ ಮಿಕ್ಸಿಯ ಸಣ್ಣ ಜಾರ್ ಒಮ್ಮೆ ಇದರ ಜೊತೆ ಕುಸ್ತಿಗೆ ಇಳಿದು ಬ್ಲೇಡ್ ಕಚ್ಚಿಕೊಂಡು ನಿಂತಿತ್ತು. ಸಿಲೋನ್ ಆದರೆ ಎರಡು ಸುತ್ತು ಸಾಕು.

ಈ ತೆಳುವಿಗೆ ಕಾರಣ ಅದನ್ನು ಬಿಡಿಸುವ ಕೆಲಸ. ಶ್ರೀಲಂಕಾದಲ್ಲಿ ಮರವನ್ನು ದೊಡ್ಡದಾಗಲು ಬಿಡುವುದಿಲ್ಲ. ಬುಡದಿಂದ ಚಿಗುರಿದ ಕೊಂಬೆಗಳನ್ನು ಸುಮಾರು ಎರಡು ವರ್ಷಕ್ಕೆ ಕಡಿಯುತ್ತಾರೆ. ಹೊರತೊಗಟೆಯನ್ನು ಕೆರೆದು ತೆಗೆಯುತ್ತಾರೆ. ಆಮೇಲೆ ಹಿತ್ತಾಳೆಯ ಕಡ್ಡಿಯಿಂದ ಉಜ್ಜಿ ಉಜ್ಜಿ ಒಳತೊಗಟೆಯನ್ನು ಸಡಿಲ ಮಾಡಿ, ಚಾಕುವಿನಿಂದ ಸೀಳಿ, ಹರಿಯದ ಹಾಗೆ ಬಿಡಿಸುತ್ತಾರೆ. ಆ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ನೆರಳಲ್ಲಿ ಒಣಗಿಸುತ್ತಾರೆ. ಎಲ್ಲಾ ಕೈಕೆಲಸ. ಬೆಲೆ ಜಾಸ್ತಿ ಇರುವುದು ಮುಖ್ಯವಾಗಿ ಇದಕ್ಕೆ. ಅತಿ ಸಣ್ಣ ಸುರುಳಿಗೆ ಆಲ್ಬಾ ಅಂತ ದರ್ಜೆ ಕೊಡುತ್ತಾರೆ, ಅದರ ದಪ್ಪ 6 ಮಿಲಿಮೀಟರ್ ಒಳಗೆ. ನೋಡಲು ಚೆಂದ. ಆರೋಗ್ಯದ ಲೆಕ್ಕಕ್ಕೆ ಆಲ್ಬಾವೇ ಬೇಕು ಅಂತೇನಿಲ್ಲ, ಅದೇ ಮರದ ಕೆಳದರ್ಜೆಯ ತುಂಡೂ ನಡೆಯುತ್ತದೆ.

ರುಚಿಯಲ್ಲಿ ಯಾವುದು ಮೇಲು? ಇದರಲ್ಲಿ ನಾನು ಕ್ಯಾಸಿಯಾ ಪಕ್ಷ. ಚಕ್ಕೆ ಅಂದ ಕೂಡಲೇ ನಾಲಿಗೆಗೆ ನೆನಪಾಗುವ ಆ ಖಾರ, ಸಿಹಿ, ಬಿಸಿ ಎಲ್ಲಾ ಸಿನ್ನಮಾಲ್ಡಿಹೈಡ್ ಅನ್ನುವ ಅಂಶದ್ದು. ಕ್ಯಾಸಿಯಾದ ಎಣ್ಣೆಯಲ್ಲಿ ಅದರದ್ದೇ ಸಿಂಹಪಾಲು. ಸಿಲೋನ್‌ನದ್ದು ಮೆದು ಘಮ, ಜೋರು ಮಸಾಲೆಗಳ ನಡುವೆ ಕಳೆದುಹೋಗುತ್ತದೆ. ನಿಜವಾದದ್ದು ಅನ್ನುವ ಲ್ಯಾಟಿನ್ ಹೆಸರು ನೋಡಿ ಇನ್ನೊಂದು ನಕಲಿ ಅಂದುಕೊಳ್ಳಬೇಡಿ. ಕ್ಯಾಸಿಯಾ ನಕಲಿ ಅಲ್ಲ, ಬೇರೆ ಮರ ಅಷ್ಟೇ.

ತಕರಾರು ಇರುವುದು ಕೂಮರಿನ್‌ನಲ್ಲಿ

ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಇನ್ನೊಂದು ಅಂಶವಿದೆ. ಆಗ ತಾನೇ ಕೊಯ್ದ ಹುಲ್ಲು ಒಣಗುವಾಗ ಒಂದು ಸಿಹಿ ವಾಸನೆ ಬರುತ್ತದಲ್ಲ, ಅದೇ ಇದು. ವಾಸನೆ ಚೆನ್ನಾಗಿದೆ ಅಂತ ಹಿಂದೆ ಇದನ್ನು ಬೇರೆಯಾಗಿ ತೆಗೆದು ತಿನಿಸುಗಳಿಗೂ ಹಾಕುತ್ತಿದ್ದರು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಲಿವರ್ ಕೆಡಿಸುತ್ತದೆ ಅಂತ ಗೊತ್ತಾದ ಮೇಲೆ ಅಮೆರಿಕ 1954ರಲ್ಲಿ ಅದನ್ನು ಆಹಾರಕ್ಕೆ ಸೇರಿಸುವುದನ್ನೇ ನಿಷೇಧಿಸಿತು. ಚಕ್ಕೆಯೊಳಗೆ ತಾನಾಗಿ ಇರುವ ಕೂಮರಿನ್‌ಗೆ ಆ ನಿಷೇಧ ತಟ್ಟುವುದಿಲ್ಲ. ಅದು ಮರವೇ ಮಾಡಿಕೊಂಡದ್ದು.

ಮನುಷ್ಯರಲ್ಲಿ ಹೆಚ್ಚಿನವರ ದೇಹ ಇದನ್ನು ನಿರುಪದ್ರವಿ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ಕೆಲವರ ಲಿವರ್ ಇದಕ್ಕೆ ಸೂಕ್ಷ್ಮ. ಅಂಥವರಿಗೆ ಕಡಿಮೆ ಪ್ರಮಾಣವೇ ಸಾಕು, ಲಿವರ್ ಎಂಜೈಮ್‌ಗಳು ಏರುತ್ತವೆ. ತಿನ್ನುವುದು ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತವೆ. ತೊಂದರೆ ಏನೆಂದರೆ, ನಾನು ಸೂಕ್ಷ್ಮವೋ ಅಲ್ಲವೋ ಅಂತ ಮೊದಲೇ ತಿಳಿಯುವ ದಾರಿ ಸಾಮಾನ್ಯರಿಗಿಲ್ಲ.

ಆದ್ದರಿಂದ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಈ ಸೂಕ್ಷ್ಮದವರನ್ನೂ ಲೆಕ್ಕಕ್ಕೆ ಹಿಡಿದು ಒಂದು ಮಿತಿ ಹಾಕಿದೆ. ಜೀವನಪೂರ್ತಿ ದಿನಾ ತಿಂದರೂ ಪರವಾಗಿಲ್ಲ ಅನ್ನುವ ಪ್ರಮಾಣ ಅದು: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್. ನೀವು 60 ಕಿಲೋ ಇದ್ದರೆ 6 ಮಿಲಿಗ್ರಾಂ.

ಈಗ ಚಮಚಕ್ಕೆ ಬರೋಣ. ಜರ್ಮನಿಯ ಸರ್ಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆಯ ಲೆಕ್ಕದಲ್ಲಿ ಕ್ಯಾಸಿಯಾ ಪುಡಿಯ ಒಂದು ಗ್ರಾಂಗೆ ಸರಾಸರಿ 3 ಮಿಲಿಗ್ರಾಂ ಕೂಮರಿನ್. ಅಂದರೆ 60 ಕಿಲೋ ತೂಕದವರಿಗೆ 2 ಗ್ರಾಂ ತಲುಪಿದರೆ ದಿನದ ಮಿತಿ ಮುಗಿಯಿತು. ಸಮ ಮಾಡಿದ ನನ್ನ ಟೀ ಚಮಚವೇ ಎರಡೂವರೆ ಗ್ರಾಂ. ಗೋಪುರದ ಚಮಚ ಮಿತಿಯ ಎರಡು ಪಟ್ಟು. 15 ಕಿಲೋ ತೂಕದ ಮಗುವಿಗೆ ಮಿತಿ ಅರ್ಧ ಗ್ರಾಂ, ಅಂದರೆ ಚಮಚದ ತುದಿಯಷ್ಟು.

ಸಿಲೋನ್ ಚಕ್ಕೆಯಲ್ಲೂ ಕೂಮರಿನ್ ಇಲ್ಲದೇ ಇಲ್ಲ. ಆದರೆ ಹೆಸರಿಗಷ್ಟೇ. ಒಂದು ಚಮಚ ತಿಂದರೂ ಈ ಮಿತಿಯ ಹತ್ತಿರ ಹೋಗುವುದಿಲ್ಲ.

ಇಲ್ಲಿ ಗಾಬರಿಯಾಗಬೇಕಾದದ್ದೂ ಇಲ್ಲ. ಇದು ದಿನಾ ತಿನ್ನುವವರ ಮಿತಿ, ಒಂದು ದಿನ ದಾಟಿದರೆ ವಿಷ ಅಂತಲ್ಲ. ಒಂದೆರಡು ವಾರ ಮಿತಿಯ ಮೂರು ಪಟ್ಟು ಹೊಟ್ಟೆಗೆ ಹೋದರೂ ಸುರಕ್ಷತೆಯ ಚಿಂತೆಯಿಲ್ಲ ಅಂತ ಅದೇ ಯುರೋಪಿನ ಸಂಸ್ಥೆ 2008ರಲ್ಲಿ ಹೇಳಿದೆ. ಹಬ್ಬಕ್ಕೋ ಪಾರ್ಟಿಗೋ ಚಕ್ಕೆ ಜಾಸ್ತಿ ಬಿದ್ದ ಸಿಹಿ ತಿಂದವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಯೋಚಿಸಬೇಕಾದವರು ನನ್ನ ಹಾಗೆ ತಿಂಗಳುಗಟ್ಟಲೆ ನಿಯಮ ಹಿಡಿದವರು.

ಕ್ಯಾಸಿಯಾದಲ್ಲಿ ಇನ್ನೊಂದು ಕಿರಿಕಿರಿ ಇದೆ. ಸರಾಸರಿ 3 ಮಿಲಿಗ್ರಾಂ ಅಂದರೂ ಒಂದೊಂದು ಕಡ್ಡಿಯಲ್ಲಿ ಒಂದೊಂದು ಥರ. ಒಂದೇ ಮರದ ಬೇರೆ ಬೇರೆ ಜಾಗದ ತೊಗಟೆಯಲ್ಲೂ ಅಜಗಜಾಂತರ ಕಂಡಿದೆ. ಹಾಗಾಗಿ ಈ ಪ್ಯಾಕೆಟ್‌ನ ಚಮಚಕ್ಕೂ ಮುಂದಿನ ಪ್ಯಾಕೆಟ್‌ನ ಚಮಚಕ್ಕೂ ತಾಳೆಯಾಗಬೇಕೆಂದಿಲ್ಲ.

ಅಂದಹಾಗೆ, ಕೂಮರಿನ್ ರಕ್ತವನ್ನು ತೆಳು ಮಾಡುತ್ತದೆ ಅಂತ ಬಹಳ ಕಡೆ ಓದಿರುತ್ತೀರಿ. ಅದು ಅರ್ಧ ಸತ್ಯವೂ ಅಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಸ್ವೀಟ್ ಕ್ಲೋವರ್ ಅನ್ನುವ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯತೊಡಗಿದವು. ಆ ಮೇವಿನಲ್ಲಿ ಕೂಮರಿನ್ ಇತ್ತು. ಆದರೆ ಕೊಂದದ್ದು ಅದಲ್ಲ. ಮೇವಿಗೆ ಬೂಷ್ಟು ಹಿಡಿದಾಗ ಕೂಮರಿನ್ ಬದಲಾಗಿ ಡೈಕೂಮರಾಲ್ ಆಗಿತ್ತು, ರಕ್ತ ಹೆಪ್ಪುಗಟ್ಟುವುದನ್ನು ತಡೆದದ್ದು ಅದು. ಅದರ ಜಾಡು ಹಿಡಿದೇ ಮುಂದೆ ವಾರ್ಫರಿನ್ ಬಂತು. ಮೊದಲು ಇಲಿ ಪಾಷಾಣವಾಗಿ, ಆಮೇಲೆ ಮನುಷ್ಯರ ಔಷಧಿಯಾಗಿ. ಚಕ್ಕೆಯ ಕೂಮರಿನ್‌ಗೆ ಆ ಗುಣವಿಲ್ಲ. ಹಾಗಿದ್ದರೂ ವಾರ್ಫರಿನ್ ತೆಗೆದುಕೊಳ್ಳುವವರು ಚಮಚಗಟ್ಟಲೆ ಚಕ್ಕೆ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಬೇಕು. ಆ ಔಷಧಿ ಲಿವರ್‌ನಲ್ಲೇ ಕರಗುವಂಥದ್ದು, ಊಟತಿಂಡಿಯ ಸಣ್ಣ ಬದಲಾವಣೆಗೂ ಅದರ ಲೆಕ್ಕ ತಪ್ಪುತ್ತದೆ.

ಶುಗರ್ ಇಳಿಯುತ್ತದೆಯೇ? ಇಳಿದರೆ ಯಾವುದರಿಂದ?

ಇಷ್ಟು ಓದಿದ ಮೇಲೆ ಸಿಲೋನ್ ತಂದರೆ ಮುಗಿಯಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಲಾಭದ ಲೆಕ್ಕ ತೆಗೆದಾಗ ಕತೆ ತಿರುಗಿತು.

ಚಕ್ಕೆಗೆ ಶುಗರ್ ಇಳಿಸುವ ಹೆಸರು ಬಂದದ್ದು ಮುಖ್ಯವಾಗಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಪಾಕಿಸ್ತಾನದಲ್ಲಿ ಟೈಪ್ 2 ಡಯಾಬಿಟಿಸ್ ಇದ್ದ 60 ಜನರ ಮೇಲೆ ಅದು ನಡೆದಿತ್ತು. ಕೆಲವರಿಗೆ ದಿನಕ್ಕೆ 1 ಗ್ರಾಂ, ಕೆಲವರಿಗೆ 3, ಇನ್ನು ಕೆಲವರಿಗೆ 6 ಗ್ರಾಂ ಚಕ್ಕೆ, ಉಳಿದವರಿಗೆ ಚಕ್ಕೆಯಿಲ್ಲದ ಕ್ಯಾಪ್ಸೂಲ್. 40 ದಿನ ಆದ ಮೇಲೆ ಚಕ್ಕೆ ತಿಂದವರಲ್ಲಿ ಖಾಲಿ ಹೊಟ್ಟೆಯ ಶುಗರ್ ಶೇಕಡಾ 18ರಿಂದ 29ರಷ್ಟು ಇಳಿದಿತ್ತು. ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಕೂಡ ಇಳಿದಿದ್ದವು. ದೊಡ್ಡ ಸುದ್ದಿಯೇ ಆಯಿತು. ಅವರು ಕೊಟ್ಟ ಚಕ್ಕೆ ಯಾವುದು? ಕ್ಯಾಸಿಯಾ.

ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಪ್ರಯೋಗಗಳಾದವು. ಕೆಲವು ಹೌದು ಅಂದವು, ಕೆಲವು ಏನೂ ಇಲ್ಲ ಅಂದವು. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 10 ಪ್ರಯೋಗಗಳನ್ನು, ಒಟ್ಟು 577 ಜನರನ್ನು ಒಟ್ಟಿಗೆ ಇಟ್ಟು ನೋಡಿತು. ಡಯಾಬಿಟಿಸ್‌ಗೆ ಚಕ್ಕೆ ಬಳಸಿ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅನ್ನುವುದು ಅದರ ತೀರ್ಮಾನ. ಮರುವರ್ಷ ಬಂದ ಇನ್ನೊಂದು ವಿಶ್ಲೇಷಣೆ 543 ಜನರ ಅಂಕಿಗಳನ್ನು ಕೂಡಿಸಿ ನೋಡಿತು. ಖಾಲಿ ಹೊಟ್ಟೆಯ ಶುಗರ್ ಸರಾಸರಿ 24ರಿಂದ 25 ಮಿಲಿಗ್ರಾಂ ಇಳಿಯುತ್ತದೆ ಅಂತ ಕಂಡಿತು. ಆದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಗಮನಿಸುವಷ್ಟು ಇಳಿದಿರಲಿಲ್ಲ. ಡಾಕ್ಟರು ನೋಡುವುದು ಅದನ್ನೇ ಅಲ್ವಾ? ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಶುಗರ್ ನಿಯಂತ್ರಣಕ್ಕೆ ಚಕ್ಕೆಯನ್ನು ಶಿಫಾರಸು ಮಾಡುವುದಿಲ್ಲ.

ಸರಿ, ಸಿಲೋನ್? ಅದರ ಮೇಲೆ ಮನುಷ್ಯರಲ್ಲಿ ಆದ ಪ್ರಯೋಗಗಳು ಕಡಿಮೆ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. 2007ರಲ್ಲಿ ಸ್ವೀಡನ್‌ನಲ್ಲಿ 14 ಆರೋಗ್ಯವಂತರಿಗೆ ಅಕ್ಕಿಯ ಸಿಹಿ ಪುಡಿಂಗ್ ಜೊತೆ 6 ಗ್ರಾಂ ಕ್ಯಾಸಿಯಾ ಕೊಟ್ಟರು. ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯಿತು, ಊಟದ ನಂತರದ ಶುಗರ್ ಏರಿಕೆಯೂ ತಗ್ಗಿತು. 2012ರಲ್ಲಿ ಅಲ್ಲೇ, ಶುಗರ್ ಗಡಿಯಲ್ಲಿದ್ದ 10 ಜನರಿಗೆ ಅಷ್ಟೇ 6 ಗ್ರಾಂ ಸಿಲೋನ್ ಚಕ್ಕೆ ಕೊಟ್ಟು ನೋಡಿದರು. ಊಟದ ನಂತರದ ಶುಗರ್‌ನಲ್ಲಾಗಲೀ ಇನ್ಸುಲಿನ್‌ನಲ್ಲಾಗಲೀ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಸಣ್ಣ ಪ್ರಯೋಗ, ಜನರೂ ಬೇರೆ ಥರದವರು, ಇದರ ಮೇಲೆ ತೀರ್ಪು ಕೊಡಲಾಗದು. ಆದರೂ ಒಂದು ಮಾತು ಸ್ಪಷ್ಟ. ಕ್ಯಾಸಿಯಾದ ಲಾಭವನ್ನು ಸಿಲೋನ್‌ನ ಖಾತೆಗೆ ಹಾಗೇ ಜಮಾ ಮಾಡುವಂತಿಲ್ಲ.

ಹಾಗಾಗಿ ಸಿಕ್ಕಿಕೊಂಡದ್ದು ಹೀಗೆ: ಸ್ವಲ್ಪವಾದರೂ ಪುರಾವೆ ಇರುವ ಚಕ್ಕೆಯಲ್ಲಿ ಕೂಮರಿನ್ ಜಾಸ್ತಿ. ಕೂಮರಿನ್ ಹೆಸರಿಗಷ್ಟೇ ಇರುವ ಚಕ್ಕೆಗೆ ಪುರಾವೆ ಕಡಿಮೆ. ಸಿಲೋನ್ ಶುಗರ್‌ಗೆ ರಾಮಬಾಣ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಬರೆದವರು ಇವೆರಡನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ ಅಂತ ತಿಳಿಯಿರಿ.

ನನ್ನ ಎರಡು ತಿಂಗಳ ನಿಯಮದ ಫಲಿತಾಂಶ ಕೇಳುತ್ತೀರಾ? ಶುಗರ್ ಎರಡು ಅಂಕಿ ಇಳಿದಿತ್ತು. ಅದೇ ಎರಡು ತಿಂಗಳು ಸಂಜೆ ನಡೆಯಲೂ ಹೋಗುತ್ತಿದ್ದೆ, ಆದ್ದರಿಂದ ಯಶಸ್ಸು ಯಾರದ್ದು ಅಂತ ಜಗಳ ಬೇಡ.

ಶುಗರ್ ಬಿಟ್ಟು ಉಳಿದ ಲಾಭಗಳ ಮಾತು ಚಿಕ್ಕದು. ಸಿನ್ನಮಾಲ್ಡಿಹೈಡ್ ಬ್ಯಾಕ್ಟೀರಿಯಾವನ್ನೂ ಬೂಷ್ಟನ್ನೂ ತಡೆಯುತ್ತದೆ, ಆದರೆ ಅದು ಲ್ಯಾಬಿನ ಗಾಜಿನ ತಟ್ಟೆಯೊಳಗಿನ ಕತೆ. ಒಂದು ಚಮಚದಲ್ಲಿ ಸುಮಾರು 1.4 ಗ್ರಾಂ ನಾರು, 26 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಲೋಟ ಹಾಲಿನ ಮುಂದೆ ಆ ಕ್ಯಾಲ್ಸಿಯಂ ಲೆಕ್ಕಕ್ಕಿಲ್ಲ. ಜೇನು ಮತ್ತು ಚಕ್ಕೆ ಕಲಸಿ ತಿಂದರೆ ಬೊಜ್ಜು, ಸಂಧಿವಾತ, ಕ್ಯಾನ್ಸರ್ ಎಲ್ಲಾ ಹೋಗುತ್ತದೆ ಅನ್ನುವ ಸಂದೇಶ ನಿಮಗೂ ಬಂದಿರುತ್ತದೆ. ಅಳಿಸಿಬಿಡಿ.

ನನಗೆ ನಿಜವಾಗಿ ಕೆಲಸಕ್ಕೆ ಬಂದ ಲಾಭ ಒಂದೇ: ಚಕ್ಕೆ ಹಾಕಿದರೆ ಸಕ್ಕರೆ ಕಡಿಮೆ ಸಾಕು. ಅದರ ವಾಸನೆಗೇ ನಾಲಿಗೆ ಸಿಹಿ ಅಂದುಕೊಳ್ಳುತ್ತದೆ. ಟೀಗೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದವನು ಈಗ ಅರ್ಧ ಚಮಚಕ್ಕೆ ಬಂದಿದ್ದೇನೆ. ಶುಗರ್‌ನ ದೃಷ್ಟಿಯಿಂದ ಆ ಒಂದೂವರೆ ಚಮಚ ಸಕ್ಕರೆ ಬಿಟ್ಟದ್ದೇ ದೊಡ್ಡದು.

ಕಡ್ಡಿ, ಪುಡಿ, ಕ್ಯಾಪ್ಸೂಲ್, ಎಣ್ಣೆ

ಕಡ್ಡಿಗೆ ನನ್ನ ಮೊದಲ ವೋಟು. ಯಾವ ಚಕ್ಕೆ ಅಂತ ಕಣ್ಣಿಗೇ ಕಾಣುತ್ತದೆ, ಮೋಸಕ್ಕೆ ಜಾಗ ಕಡಿಮೆ. ಕುದಿಸಿ ಕಡ್ಡಿ ತೆಗೆದುಬಿಟ್ಟರೆ ಅದರ ಕೂಮರಿನ್‌ನಲ್ಲಿ ಒಂದು ಪಾಲು ಮಾತ್ರ ನೀರಿಗೆ ಇಳಿಯುತ್ತದೆ. ಪುಡಿಯಾದರೆ ಪೂರ್ತಿ ಹೊಟ್ಟೆಗೆ. ಬರೀ ಘಮಕ್ಕೆ ಚಕ್ಕೆ ಹಾಕುವವರು ಕ್ಯಾಸಿಯಾ ಕಡ್ಡಿಯನ್ನೇ ನೆಮ್ಮದಿಯಾಗಿ ಬಳಸಬಹುದು.

ಪುಡಿಯ ತೊಂದರೆ ಏನೆಂದರೆ ಒಮ್ಮೆ ಪುಡಿಯಾದ ಮೇಲೆ ಮನೆಯಲ್ಲಿ ಖಚಿತವಾಗಿ ಗುರುತು ಹಿಡಿಯಲಾಗದು. ಬಣ್ಣ ನೋಡಿ ಹೇಳುತ್ತೇನೆ ಅನ್ನುವವರ ಮಾತು ನಂಬಬೇಡಿ. ಲೇಬಲ್ ಮೇಲೆ ಸಿಲೋನ್ ಅಂತಲೋ ಸಿನ್ನಮೋಮಮ್ ವೇರಮ್ ಅಂತಲೋ ಇದೆಯೇ ನೋಡಿ. ಹಳೆಯ ಹೆಸರು ಝೈಲಾನಿಕಮ್ ಅಂತ ಇದ್ದರೂ ಅದೇ. ಏನೂ ಇಲ್ಲದಿದ್ದರೆ ಕ್ಯಾಸಿಯಾ ಅಂತ ಲೆಕ್ಕ ಹಿಡಿದು ಚಮಚ ಸಣ್ಣದು ಮಾಡಿಕೊಳ್ಳಿ.

ಪುಡಿಗೆ ಇನ್ನೊಂದು ಕಳಂಕವೂ ಅಂಟಿದೆ. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಚಕ್ಕೆ ಹಾಕಿದ ಸೇಬಿನ ತಿನಿಸು ತಿಂದ ನೂರಾರು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತು. ಹುಡುಕುತ್ತಾ ಹೋದಾಗ ಅದರಲ್ಲಿದ್ದ ಚಕ್ಕೆ ಪುಡಿಗೆ ಲೆಡ್ ಕ್ರೋಮೇಟ್ ಬೆರೆತಿರುವುದು ತಿಳಿಯಿತು. ಅದು ಬಣ್ಣಕ್ಕೆ ಬಳಸುವ ವಸ್ತು, ಸೀಸ ಮತ್ತು ಕ್ರೋಮಿಯಂ ಸೇರಿದ್ದು. ಅದಾದ ಮೇಲೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಅಂಗಡಿಗಳ ಚಕ್ಕೆ ಪುಡಿಗಳನ್ನು ಪರೀಕ್ಷಿಸಿ, 2024ರ ಮಾರ್ಚ್‌ನಿಂದ ಹಲವು ಪುಡಿಗಳ ಬಗ್ಗೆ ಎಚ್ಚರಿಕೆ ಕೊಡುತ್ತಾ ಬಂತು. ಮಕ್ಕಳ ಮಿದುಳಿಗೆ ಸೀಸ ಸ್ವಲ್ಪವೂ ಒಳ್ಳೆಯದಲ್ಲ. ಕಡ್ಡಿಯಾದರೆ ಅದಕ್ಕೆ ಬಣ್ಣ ಬೆರೆಸಿ ತೂಕ ಹೆಚ್ಚಿಸುವುದು ಸುಲಭವಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಡ್ಡಿ ತಂದು ಪುಡಿ ಮಾಡಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಪುಡಿಯನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳಬೇಡಿ. ಒಮ್ಮೆ ಅವಸರದಲ್ಲಿ ಹಾಗೆ ಮಾಡಿ, ಕೆಮ್ಮು ಬಂದು, ಕಣ್ಣಲ್ಲಿ ನೀರು ಸುರಿದು ಗೋಡೆ ಹಿಡಿದು ನಿಂತಿದ್ದೆ. ಚಕ್ಕೆ ಪುಡಿ ನೀರಲ್ಲಿ ಕರಗುವುದಿಲ್ಲ, ಮರದ ಪುಡಿಯೇ ತಾನೇ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂರುತ್ತದೆ. ಒಂದು ಚಮಚ ಒಣ ಪುಡಿ ನುಂಗುವ ಪಂದ್ಯ ಕೆಲವು ವರ್ಷಗಳ ಹಿಂದೆ ಇಂಟರ್‌ನೆಟ್‌ನಲ್ಲಿ ಹಬ್ಬಿದಾಗ ಹುಡುಗರು ಆಸ್ಪತ್ರೆ ಸೇರಿದ್ದು ಇದರಿಂದಲೇ.

ಕ್ಯಾಪ್ಸೂಲ್ ನನಗೆ ಇಷ್ಟವಿಲ್ಲ, ಕಾರಣ ಹೇಳುತ್ತೇನೆ. ಪುಡಿಗೆ ರುಚಿಯೇ ಕಡಿವಾಣ. ಜಾಸ್ತಿ ಆದರೆ ನಾಲಿಗೆ ಉರಿಯುತ್ತದೆ, ನಿಲ್ಲಿಸುತ್ತೀರಿ. ಕ್ಯಾಪ್ಸೂಲ್‌ಗೆ ಆ ಕಡಿವಾಣ ಇಲ್ಲ, ನಾಲ್ಕು ನುಂಗಿದರೂ ಗೊತ್ತಾಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 73 ವರ್ಷದ ಮಹಿಳೆಯೊಬ್ಬರು ಚಕ್ಕೆಯ ಕ್ಯಾಪ್ಸೂಲ್ ಶುರು ಮಾಡಿ ಸುಮಾರು ಒಂದು ವಾರಕ್ಕೆ ಲಿವರ್ ಉರಿಯೂತದಿಂದ ಆಸ್ಪತ್ರೆ ಸೇರಿದ ಪ್ರಕರಣ 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಒಂದು ಪ್ರಕರಣದಿಂದ ಎಲ್ಲರಿಗೂ ಹೀಗಾಗುತ್ತದೆ ಅನ್ನಲಾಗದು. ಆದರೆ ಲಿವರ್‌ಗೆ ಹೊರೆಯಾಗುವ ಔಷಧಿಯ ಜೊತೆ ಕೂಮರಿನ್ ಸೇರಿಸುವುದು ಯಾಕೆ? ತೆಗೆದುಕೊಳ್ಳಲೇಬೇಕು ಅನ್ನುವವರು ಯಾವ ಮರದ ಚಕ್ಕೆ, ಒಂದು ಕ್ಯಾಪ್ಸೂಲ್‌ನಲ್ಲಿ ಎಷ್ಟು ಅಂತ ಬರೆದಿರುವುದನ್ನು ಮಾತ್ರ ತೆಗೆದುಕೊಳ್ಳಿ.

ಚಕ್ಕೆಯ ಎಣ್ಣೆ ಕುಡಿಯುವ ವಸ್ತುವಲ್ಲ. ಚರ್ಮಕ್ಕೆ ನೇರ ಹಚ್ಚಿದರೂ ಬೊಬ್ಬೆ ಬರಬಹುದು. ಮಾತು ಮುಗಿಯಿತು.

ಯಾರಿಗೆ ಯಾವುದು

ಅಡುಗೆಗೆ ಆಗೀಗ ಒಂದು ತುಂಡು ಹಾಕುವವರಾದರೆ ಮನೆಯಲ್ಲಿರುವ ಕ್ಯಾಸಿಯಾವನ್ನೇ ಮುಂದುವರಿಸಿ. ಸಿಲೋನ್‌ಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಟೀ, ಹಾಲು, ಓಟ್ಸ್ ಮೇಲೆ ದಿನಾ ಉದುರಿಸಿಕೊಳ್ಳುವ ಅಭ್ಯಾಸ ಇದ್ದರೆ ಸಿಲೋನ್‌ಗೆ ಬದಲಾಯಿಸಿ. ಚಿಟಿಕೆಯಷ್ಟೇ ಅನ್ನುವವರೂ ಒಮ್ಮೆ ತೂಗಿ ನೋಡಿ. ಚಿಟಿಕೆಗಳು ದಿನಕ್ಕೆ ಮೂರು ಸಲ ಬೀಳುತ್ತವೆ. ಮಕ್ಕಳಿರುವ ಮನೆಗೆ ಇದು ಇನ್ನೂ ಮುಖ್ಯ, ಅವರ ತೂಕ ಕಡಿಮೆ, ಮಿತಿಯೂ ಕಡಿಮೆ.

ಶುಗರ್‌ಗೆ ಔಷಧಿ ತೆಗೆದುಕೊಳ್ಳುವವರು ಚಕ್ಕೆ ನಂಬಿ ಮಾತ್ರೆ ಬಿಡಬೇಡಿ. ಮಾತ್ರೆಯ ಜೊತೆ ದಿನಾ ಗ್ರಾಂಗಟ್ಟಲೆ ಕ್ಯಾಸಿಯಾ ತಿಂದರೆ ಶುಗರ್ ಬೇಕಾದ್ದಕ್ಕಿಂತ ಕೆಳಗಿಳಿಯುವ ಸಾಧ್ಯತೆಯೂ ಇದೆ. ಮಾಡುವುದಾದರೆ ಡಾಕ್ಟರಿಗೆ ಹೇಳಿ, ಶುಗರ್ ನೋಡಿಕೊಳ್ಳುತ್ತಾ ಮಾಡಿ.

ಲಿವರ್ ತೊಂದರೆ ಇದ್ದವರು, ದಿನಾ ಮದ್ಯ ಕುಡಿಯುವವರು, ಪ್ಯಾರಾಸಿಟಮಾಲ್ ಅಥವಾ ಸ್ಟಾಟಿನ್ ದಿನಾ ನುಂಗುವವರು ಚಮಚದ ಲೆಕ್ಕದಲ್ಲಿ ಕ್ಯಾಸಿಯಾ ತಿನ್ನುವುದು ಬೇಡ. ಗರ್ಭಿಣಿಯರಿಗೆ ಅಡುಗೆಯ ಪ್ರಮಾಣ ಸಾಕು, ಕ್ಯಾಪ್ಸೂಲ್ ಮತ್ತು ಎಣ್ಣೆ ದೂರವಿರಲಿ. ಚಕ್ಕೆ ಹಾಕಿದ ಚ್ಯೂಯಿಂಗ್ ಗಮ್ ಅಥವಾ ಟೂತ್‌ಪೇಸ್ಟ್ ಬಳಸಿದಾಗ ಬಾಯಿಯಲ್ಲಿ ಉರಿ, ಬಿಳಿ ಮಚ್ಚೆ, ಹುಣ್ಣು ಬರುವವರು ಕೆಲವರಿದ್ದಾರೆ. ಅದು ಸಿನ್ನಮಾಲ್ಡಿಹೈಡ್‌ಗೆ ಆಗುವ ಅಲರ್ಜಿ. ಅಂಥವರಿಗೆ ಸಿಲೋನ್ ಆದರೂ ಅಷ್ಟೇ, ಕ್ಯಾಸಿಯಾ ಆದರೂ ಅಷ್ಟೇ.

ಈಗ ನನ್ನ ಅಡುಗೆಮನೆಯಲ್ಲಿ ಎರಡು ಡಬ್ಬಿ ಇವೆ. ಒಲೆ ಪಕ್ಕದ್ದರಲ್ಲಿ ಕ್ಯಾಸಿಯಾ ಕಡ್ಡಿ, ಕುದಿಸಿ ಎಸೆಯಲು. ಟೀ ಡಬ್ಬಿ ಪಕ್ಕದ್ದರಲ್ಲಿ ಸಿಲೋನ್ ಪುಡಿ, ದಿನಕ್ಕೆ ಕಾಲು ಚಮಚ, ಅದೂ ರುಚಿಗೆ. ಕಡ್ಡಿಗಳು ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ವರ್ಷ ಘಮ ಉಳಿಸಿಕೊಳ್ಳುತ್ತವೆ. ಪುಡಿ ಆರು ತಿಂಗಳು ದಾಟಿದರೆ ಸಪ್ಪೆಯಾಗುತ್ತಾ ಹೋಗುತ್ತದೆ, ಸಪ್ಪೆಯಾಯಿತು ಅಂತ ಕೈ ತಾನಾಗಿ ಜಾಸ್ತಿ ಹಾಕುತ್ತದೆ. ಆದ್ದರಿಂದ ಒಂದು ಸಲಕ್ಕೆ ಎರಡೇ ಸುರುಳಿ ಪುಡಿ ಮಾಡಿ, ಡಬ್ಬಿಯ ಮುಚ್ಚಳದ ಮೇಲೆ ತಾರೀಕು ಬರೆದು ಇಡುತ್ತೇನೆ. ಜೊತೆಗೆ ಗೋಪುರ ತುಂಬಲು ಆಗದಷ್ಟು ಚಿಕ್ಕದಾದ, ಉಪ್ಪಿನಕಾಯಿಯ ಜೊತೆ ಬಂದ ಒಂದು ಪ್ಲಾಸ್ಟಿಕ್ ಚಮಚ.